ಎಲ್ಲರೂ ಹೊಗಳಿದ ಸಿನಿಮಾ ನಿಮಗೆ ಹಿಡಿಸಲಿಲ್ಲವೇ? ಮೊದಲು ಸೀಟು ನಂಬರ್ ಹೇಳಿ

ನಿಮ್ಮ ಪ್ರಶ್ನೆ ಓದುತ್ತಿದ್ದರೆ 2023ರ ಸೆಪ್ಟೆಂಬರಿನಲ್ಲಿ ನಾನೇ ಕೂತು ಟೈಪ್ ಮಾಡಿದ ಹಾಗಿತ್ತು. ನೀವು ಬರೆದಿದ್ದು ಇದು: ‘ಸು ಫ್ರಂ ಸೋ’ದ ಅರ್ಧ ಮಾತು ತಿಳಿಯಲಿಲ್ಲ, ‘ಕಾಂತಾರ ಚಾಪ್ಟರ್ 1’ ಬರೀ ಕತ್ತಲೆ ಮತ್ತು ಗದ್ದಲ, ಮೊಬೈಲಿನಲ್ಲಿ ನೋಡಿದ ‘ಶಾಖಾಹಾರಿ’ ಎಳೆದ ಹಾಗಾಯ್ತು. ಎಲ್ಲರೂ ಹೊಗಳಿದ್ದು ನನಗೊಬ್ಬನಿಗೇ ಹಿಡಿಸುತ್ತಿಲ್ಲ, ಅಭಿಪ್ರಾಯ ಹೇಳೋಕೆ ಮುಂಚೆ ವರ್ಲ್ಡ್ ಸಿನಿಮಾ ನೋಡಿ ರುಚಿ ಬೆಳೆಸಿಕೊಳ್ಳಬೇಕಾ ಅಂತ ಕೇಳಿದ್ದೀರಿ.

ಬೇಡ ಸ್ವಾಮಿ. ನಿಮ್ಮ ರುಚಿಗೆ ಏನೂ ಆಗಿಲ್ಲ. ‘ಎಳೆದ ಹಾಗಾಯ್ತು’ ಅನ್ನುವುದನ್ನು ಕೊನೆಗೆ ನೋಡೋಣ. ಕತ್ತಲೆ, ಮಾತು ತಿಳಿಯಲ್ಲ, ಗದ್ದಲ: ಉಳಿದ ಈ ಮೂರು ದೂರಿನಲ್ಲಿ ಒಂದೂ ಕತೆಯ ಬಗ್ಗೆ ಇಲ್ಲ, ನಟನೆಯ ಬಗ್ಗೆ ಇಲ್ಲ. ಮೂರೂ ಬಹುಪಾಲು ಬಲ್ಬು, ಸ್ಪೀಕರು, ಸೀಟಿನ ಬಗ್ಗೆ ಇವೆ. ಇಂಥವೇ ದೂರು ಹಿಡಿದುಕೊಂಡು ನಾನು ಒಂದು ಸಿನಿಮಾ ಕಳೆದುಕೊಂಡೆ.

‘ಸಪ್ತ ಸಾಗರದಾಚೆ ಎಲ್ಲೋ’ ಸೈಡ್ ಎ (ಮೊದಲ ಭಾಗ) ಬಂದಿದ್ದು 2023ರ ಸೆಪ್ಟೆಂಬರ್ 1ಕ್ಕೆ. ಭಾನುವಾರ ಸಂಜೆ ಶೋಗೆ ಉಳಿದಿದ್ದು ಎರಡೇ ಸೀಟು, ಪರದೆಯಿಂದ ಎರಡನೇ ಸಾಲು, ಎಡಗೋಡೆಗೆ ಅಂಟಿದ ಮೂಲೆ. ಸಿಕ್ಕಿದ್ದೇ ಪುಣ್ಯ ಅಂತ ಬುಕ್ ಮಾಡಿದೆ. ಹೊರಗೆ ಬಂದವನೇ ಮನೆಯ ಗ್ರೂಪಿಗೆ ಬರೆದೆ: ಪೂರ್ತಿ ಕತ್ತಲೆ, ಹೀರೋ ಗೊಣಗುತ್ತಾನೆ, ಎಳೆದಿದ್ದಾರೆ. ನವೆಂಬರ್ 17ಕ್ಕೆ ಸೈಡ್ ಬಿ ಬಂದಾಗ ನಾನೂ ಹೋಗಲಿಲ್ಲ, ಹೋಗೋಣ ಎಂದ ತಂಗಿಯನ್ನೂ ತಡೆದೆ. ಡಿಸೆಂಬರಿನಲ್ಲಿ ಒಂದು ರಾತ್ರಿ ಲೈಟ್ ಆರಿಸಿ, ಹೆಡ್‌ಫೋನ್ ಹಾಕಿ ಸೈಡ್ ಎ ಮತ್ತೆ ನೋಡಿದೆ. ಜೈಲಿನಲ್ಲಿರುವ ನಾಯಕ ಮನು ಟೇಪ್ ರೆಕಾರ್ಡರಿನಲ್ಲಿ ಪ್ರೇಯಸಿ ಪ್ರಿಯಾಳ ದನಿ ಕೇಳುವ ಭಾಗ ಬಂತು. ಥಿಯೇಟರಿನಲ್ಲಿ ಅಲ್ಲಿ ನನಗೆ ಕೇಳಿಸಿದ್ದು ಏಸಿಯ ಗುಂಯ್ ಮಾತ್ರ. ಅಷ್ಟು ಹೊತ್ತಿಗೆ ಸೈಡ್ ಬಿ ನಮ್ಮೂರಿನ ಪರದೆಗಳಿಂದ ಇಳಿದಿತ್ತು. ಮೊದಲ ಭಾಗಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು ಅಂತ ಬಣ್ಣ ಹಂಚಿ ತೆಗೆದ ಸಿನಿಮಾದ ಕೆಂಪು ಭಾಗವನ್ನು ನಾನು ನೋಡಿದ್ದು 43 ಇಂಚಿನ ಟಿವಿಯಲ್ಲಿ.

ಆ ಮೂಲೆ ಸೀಟಿನಲ್ಲಿ ಆಗಿದ್ದೇನು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಿಮ್ಮ ಮೂರು ದೂರಿಗೂ ಬಹುಪಾಲು ಉತ್ತರ ಅದರಲ್ಲೇ ಇದೆ.

ಮೊದಲು ಬೆಳಕು. 2ಡಿ ಸಿನಿಮಾಕ್ಕೆ ಪರದೆಯ ನಡುವೆ 48 ನಿಟ್ (ಪರದೆಯ ಹೊಳಪಿನ ಅಳತೆ) ಬೆಳಕು ಇರಬೇಕು ಅಂತ ಡಿಜಿಟಲ್ ಸಿನಿಮಾದ ನಿಯಮ. ನಿಮ್ಮ ಮೊಬೈಲನ್ನು ಮನೆಯೊಳಗೆ ಸಾಧಾರಣ ಬ್ರೈಟ್‌ನೆಸ್‌ನಲ್ಲಿ ಇಟ್ಟರೂ ಅದಕ್ಕಿಂತ ಹೆಚ್ಚಿರುತ್ತದೆ. ಅಂದರೆ ಥಿಯೇಟರಿನ ಬೆಳಕು ಮೊದಲೇ ಕಡಿಮೆ, ಅದರಲ್ಲೂ ಸೋರಿಹೋದರೆ ಉಳಿಯುವುದು ಅಷ್ಟಕ್ಕಷ್ಟೇ. ಪ್ರೊಜೆಕ್ಟರಿನೊಳಗಿನ ಕ್ಸೆನಾನ್ ಬಲ್ಬು ಉರಿದ ಗಂಟೆ ಹೆಚ್ಚಿದಂತೆ ಮಂಕಾಗುತ್ತದೆ. ಪ್ರೊಜೆಕ್ಟರ್ ರೂಮಿನ ಗಾಜಿನ ಮೇಲೆ ಧೂಳು ಕೂತಿದ್ದರೆ ಇನ್ನಷ್ಟು ಹೋಯಿತು. 3ಡಿಗೆ ಲೆನ್ಸಿನ ಮುಂದೆ ತಂದು ನಿಲ್ಲಿಸುವ ಪೋಲರೈಸರ್ ಅನ್ನುವ ಫಿಲ್ಟರನ್ನು 2ಡಿ ಶೋಗೆ ಪಕ್ಕಕ್ಕೆ ಸರಿಸಬೇಕು. ಮರೆತರೆ ಅರ್ಧಕ್ಕಿಂತ ಹೆಚ್ಚು ಬೆಳಕು ಅಲ್ಲೇ ನುಂಗಿಹೋಗುತ್ತದೆ. ಇಷ್ಟೆಲ್ಲ ಸರಿ ಇದ್ದರೂ, 3ಡಿ ಓಡಿಸುವ ಬಹಳಷ್ಟು ಹಾಲ್‌ಗಳಲ್ಲಿ ಪರದೆ ಬೆಳ್ಳಿಬಣ್ಣದ್ದು. ಅದು ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಹಂಚುವುದಿಲ್ಲ, ನೇರ ಎದುರಿಗೆ ಎಸೆಯುತ್ತದೆ. ನಡುವೆ ಕೂತವನಿಗೆ ಫಳಫಳ, ಗೋಡೆ ಪಕ್ಕ ಕೂತವನಿಗೆ ದೂರದ ಅರ್ಧ ಪರದೆ ಮಂಕು. ನಾನು ಕೂತಿದ್ದ ಹಾಲ್ 3ಡಿ ಹಾಲ್. ಹಗಲಿನ ದೃಶ್ಯದಲ್ಲಿ ಇದು ಗೊತ್ತಾಗುವುದೇ ಇಲ್ಲ. ರಾತ್ರಿಯ ನೀಲಿ ದೃಶ್ಯ ಬಂದಾಗ ಕಪ್ಪು ಮತ್ತು ನೀಲಿಯ ನಡುವಿನ ಮೆಟ್ಟಿಲುಗಳೆಲ್ಲ ಕಲಸಿ ಕೆಸರಾಗುತ್ತವೆ. ನಾನು ಅದನ್ನೇ ಕ್ಯಾಮೆರಾ ಕೆಲಸ ಸರಿಯಿಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದೆ.

ಇನ್ನು ಮಾತು. ಸಿನಿಮಾದಲ್ಲಿ ಸಂಭಾಷಣೆ ಬಹುಪಾಲು ಬರುವುದು ಒಂದೇ ಜಾಗದಿಂದ, ಪರದೆಯ ಹಿಂದೆ ನಡುವೆ ಇರುವ ಸೆಂಟರ್ ಸ್ಪೀಕರಿನಿಂದ. ಪರದೆಯಲ್ಲಿ ಸಣ್ಣ ಸಣ್ಣ ತೂತು ಇರುವುದೇ ಆ ಸದ್ದು ಹೊರಬರಲಿ ಅಂತ. ಆ ಸ್ಪೀಕರಿನ ಹಾರ್ನನ್ನು ಹಾಲ್‌ನ ಮೂರನೇ ಎರಡು ಭಾಗದಷ್ಟು ಹಿಂದಿನ ಸೀಟುಗಳ ಕಡೆ ತಿರುಗಿಸಿರುತ್ತಾರೆ. ಎರಡನೇ ಸಾಲಿನ ಮೂಲೆ ಅದರ ಬಾಯಿಂದ ಹೊರಗೆ ಬೀಳುತ್ತದೆ. ಅಲ್ಲಿ ಕೂತವನಿಗೆ ಹತ್ತಿರ ಇರುವುದು ಎಡ ಸ್ಪೀಕರು, ಕೆಳಗಿನ ಸಬ್ ವೂಫರು. ಎಂದರೆ ಹಿನ್ನೆಲೆ ಸಂಗೀತ ಮತ್ತು ದಢಂ ದಢಂ. ಎತ್ತರದ ಸ್ವರಗಳು ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುತ್ತವೆ, ತಗ್ಗಿನವು ನೀರಿನ ಹಾಗೆ ಎಲ್ಲೆಡೆ ಹರಡುತ್ತವೆ. ಮಾತಿನಲ್ಲಿ ಸ, ಶ, ಕ, ತ, ಪ ಎಲ್ಲ ಇರುವುದು ಎತ್ತರದಲ್ಲಿ. ಅವು ನಿಮ್ಮ ಸೀಟಿಗೆ ತಲುಪದಿದ್ದರೆ ಹಾಲು, ಸಾಲು, ಕಾಲು, ಪಾಲು ನಾಲ್ಕೂ ‘ಆಲು’ ಆಗಿಯೇ ಕೇಳಿಸುತ್ತವೆ. ಸದ್ದು ಇದೆ, ಮಾತು ಇಲ್ಲ. ಇದನ್ನೇ ನಾವು ‘ಹೀರೋ ಗೊಣಗುತ್ತಾನೆ’ ಅನ್ನುವುದು.

ಇದರ ಮೇಲೆ ವಾಲ್ಯೂಮ್ ಬೇರೆ. ಮಿಕ್ಸಿಂಗ್ ರೂಮಿನಲ್ಲಿ ಸಿನಿಮಾ ಸಿದ್ಧವಾಗುವುದು ಫೇಡರ್ (ವಾಲ್ಯೂಮ್ ಗುಂಡಿ) 7ರ ಲೆಕ್ಕದಲ್ಲಿ. ಹಾಲ್‌ನ ಸದ್ದು ನಡೆಸುವ ಡಾಲ್ಬಿ ಪ್ರೊಸೆಸರಿನಲ್ಲಿ 4ರಿಂದ ಮೇಲೆ ಒಂದೊಂದು ಅಂಕಿಗೂ 3.3 ಡೆಸಿಬಲ್ ವ್ಯತ್ಯಾಸ. 7ರಿಂದ 4ಕ್ಕೆ ಇಳಿಸಿದರೆ 10 ಡೆಸಿಬಲ್ ಹೋಯಿತು, ಕಿವಿಗೆ ಸುಮಾರು ಅರ್ಧ ಸದ್ದು. ಯಾಕೆ ಇಳಿಸುತ್ತಾರೆ ಅಂದರೆ, ಮುಂಚೆ ಬರುವ ಜಾಹೀರಾತು, ಟ್ರೇಲರು ಕಿರುಚುತ್ತವೆ. ಯಾರೋ ಬಂದು ಬೈಯುತ್ತಾರೆ. ಆಪರೇಟರ್ 5ಕ್ಕೋ 4.5ಕ್ಕೋ ತಂದು ಬಿಡುತ್ತಾನೆ. ಸಿನಿಮಾ ಶುರುವಾದಾಗ ವಾಪಸ್ ಏರಿಸುವುದಿಲ್ಲ. ಹೊಡೆದಾಟಕ್ಕೆ ಇದರಿಂದ ನಷ್ಟವಿಲ್ಲ. ಪಿಸುಮಾತಿನ ಸಿನಿಮಾ ಸತ್ತೇ ಹೋಗುತ್ತದೆ.

ಈಗ ನನ್ನ ತಪ್ಪು ಎಲ್ಲಿ ಅಂತ ನೋಡಿ. ಮೂಲೆ ಸೀಟು ತಗೊಂಡಿದ್ದು ತಪ್ಪಲ್ಲ, ಬೇರೆ ಸೀಟು ಇರಲೇ ಇಲ್ಲ. ಇಂಟರ್ವಲ್‌ನಲ್ಲಿ ಎದ್ದು ಹಿಂದೆ ಹೋಗಿ ಮೆಟ್ಟಿಲ ಹತ್ತಿರ ಎರಡು ನಿಮಿಷ ನಿಂತು ನೋಡಲಿಲ್ಲ, ಅದು ತಪ್ಪು. ನಿಂತಿದ್ದರೆ ಅಲ್ಲಿಂದ ಬೆಳಕು ಬೇರೆ, ಮಾತು ಬೇರೆ ಅಂತ ಆಗಲೇ ಗೊತ್ತಾಗುತ್ತಿತ್ತು. ಅದಕ್ಕಿಂತ ದೊಡ್ಡದು, ಹಾಲ್‌ನ ಸಾಲವನ್ನು ನಿರ್ದೇಶಕರ ಖಾತೆಗೆ ಬರೆದೆ. ಪುಕ್ಕಟೆ ಎರಡು ನಿಮಿಷದ ಪರೀಕ್ಷೆ ಮಾಡದೆ ಮೂರು ತಿಂಗಳು ಅದೇ ಅಭಿಪ್ರಾಯ ಹೊತ್ತುಕೊಂಡು ತಿರುಗಿದೆ.

ಅಲ್ಲಿಂದೀಚೆಗೆ ಸೀಟು ಹಿಡಿಯುವ ಲೆಕ್ಕ ಹೀಗೆ. ಬುಕಿಂಗ್ ಆ್ಯಪಿನಲ್ಲಿ ಪರದೆ ಯಾವ ಕಡೆ ಅಂತ ಮೊದಲು ನೋಡಿ, ಕೆಲವು ಹಾಲ್‌ಗಳಲ್ಲಿ ಎ ಸಾಲು ಮುಂದೆ, ಕೆಲವದರಲ್ಲಿ ಹಿಂದೆ. ಪರದೆಯಿಂದ ಸಾಲು ಎಣಿಸಿ, ಮೂರನೇ ಎರಡು ಭಾಗದ ಹತ್ತಿರ ನಿಲ್ಲಿ: 15 ಸಾಲಿದ್ದರೆ 9, 10 ಅಥವಾ 11ನೆಯದು. ಅಡ್ಡಕ್ಕೆ ನಡುವಿನಿಂದ ಆಚೀಚೆ ನಾಲ್ಕು ಸೀಟಿನೊಳಗೆ. ಎರಡರಲ್ಲಿ ಒಂದು ಬಿಟ್ಟುಕೊಡಬೇಕಾಗಿ ಬಂದರೆ ಸಾಲು ಬಿಟ್ಟುಕೊಡಿ, ನಡು ಬಿಡಬೇಡಿ. ಮುಂದಿನ ಐದನೇ ಸಾಲಿನ ನಡು, ಹತ್ತನೇ ಸಾಲಿನ ಗೋಡೆ ಮೂಲೆಗಿಂತ ವಾಸಿ. ದುಡ್ಡು ಹೆಚ್ಚು ಅಂತ ಕೊನೆ ಸಾಲಿನ ರಿಕ್ಲೈನರ್ ಒಳ್ಳೆಯದು ಅಂದುಕೊಳ್ಳಬೇಡಿ. ಅಲ್ಲಿ ಹಿಂದಿನ ಗೋಡೆಯ ಸರೌಂಡ್ ಸ್ಪೀಕರ್ ನಿಮ್ಮ ತಲೆಗೆ ಅಂಟಿಕೊಂಡಿರುತ್ತದೆ, ಮಳೆ ಬಂದರೆ ಮಳೆಯೇ ಕೇಳಿಸುತ್ತದೆ, ಹೀರೋಯಿನ್ ಅಲ್ಲ. ಹಳೇ ಟಾಕೀಸಾದರೆ ಬಾಲ್ಕನಿಯ ಮೊದಲ ಎರಡು ಮೂರು ಸಾಲಿನ ನಡುವೇ ರಾಜನ ಜಾಗ. ಕೆಳಗೆ ಬಾಲ್ಕನಿಯ ಚಾವಣಿಯಡಿ ಕೂತರೆ ಸದ್ದು ಮಡಕೆಯೊಳಗಿಂದ ಬಂದ ಹಾಗೆ.

ಹಾಲ್‌ಗೆ ಹತ್ತು ನಿಮಿಷ ಮುಂಚೆ ಹೋಗಿ ಜಾಹೀರಾತು ನೋಡಿ, ಅದಕ್ಕೂ ಉಪಯೋಗ ಇದೆ. ಬಿಳಿ ಹಿನ್ನೆಲೆಯ ಜಾಹೀರಾತು ಬಂದಾಗ ನಾಲ್ಕು ಮೂಲೆ ನೋಡಿ: ಬೂದಿಬಣ್ಣ ಇದ್ದರೆ, ಒಂದು ಕಡೆ ಹಳದಿ ತಿರುಗಿದ್ದರೆ ಬಲ್ಬು ಮುದಿಯಾಗಿದೆ ಅಥವಾ ಸರಿಯಾಗಿ ಕೂತಿಲ್ಲ. ಸೆನ್ಸಾರ್ ಸರ್ಟಿಫಿಕೇಟ್ ಬಂದಾಗ ಸಣ್ಣಕ್ಷರ ಓದಲಾಗಬೇಕು. ಆಗದಿದ್ದರೆ ಫೋಕಸ್ ಔಟ್. ಟ್ರೇಲರಿನಲ್ಲಿ ಯಾರಾದರೂ ಮಾತಾಡುವಾಗ ಕಣ್ಣು ಮುಚ್ಚಿ: ದನಿ ಪರದೆಯ ನಟ್ಟನಡುವಿನಿಂದ ಬರಬೇಕು. ಪಕ್ಕದಿಂದ ಬಂದರೆ, ಕಂಬಳಿ ಹೊದಿಸಿದ ಹಾಗೆ ಕೇಳಿಸಿದರೆ, ಸೆಂಟರ್ ಸ್ಪೀಕರಿನಲ್ಲಿ ಎತ್ತರದ ಸ್ವರ ಹೊರಡಿಸುವ ಭಾಗ ಕೈಕೊಟ್ಟಿರಬಹುದು. ಕಪ್ಪು ಪಟ್ಟಿ ನೋಡಿ ಗಾಬರಿಯಾಗಬೇಡಿ. ಸ್ಕೋಪ್ ಅನ್ನುವ ಅಗಲ ಚೌಕಟ್ಟಿನ ಸಿನಿಮಾ 2.39:1 ಅಗಲ, ಇತ್ತೀಚಿನ ಎಷ್ಟೋ ಪರದೆ 1.85:1, ಮೇಲೆ ಕೆಳಗೆ ಪಟ್ಟಿ ಬಂದೇ ಬರುತ್ತದೆ. ಆ ಪಟ್ಟಿ ಬೂದಿಬಣ್ಣದಲ್ಲಿ ಹೊಳೆಯುತ್ತಿದ್ದರೆ ಮಾತ್ರ ಬಾಗಿಲ ಸಂದಿಯಿಂದಲೋ ಮೆಟ್ಟಿಲ ಲೈಟಿನಿಂದಲೋ ಬೆಳಕು ಪರದೆಗೆ ಬೀಳುತ್ತಿರಬಹುದು.

ತೊಂದರೆ ಕಂಡರೆ ಮೊದಲ ಹತ್ತು ನಿಮಿಷದೊಳಗೆ ಎದ್ದು ಹೋಗಿ ಹೇಳಿ. ಸೀಟಿನಲ್ಲಿ ಕೂತೇ ‘ಸೌಂಡೋಯ್’ ಅಂತ ಕೂಗಿದರೆ ಟಾಕೀಸಿನಲ್ಲಿ ನಡೆಯುತ್ತದೆ, ಮಲ್ಟಿಪ್ಲೆಕ್ಸಿನಲ್ಲಿ ಪ್ರೊಜೆಕ್ಷನ್ ರೂಮಿನಲ್ಲಿ ಎಷ್ಟೋ ಸಲ ಆಳೇ ಇರುವುದಿಲ್ಲ. ಬಾಗಿಲಲ್ಲಿ ಟಿಕೆಟ್ ನೋಡುವ ಹುಡುಗನಿಗೆ ಹೇಳಿದರೆ ಅಲ್ಲೇ ಉಳಿಯುತ್ತದೆ. ಡ್ಯೂಟಿ ಮ್ಯಾನೇಜರನ್ನು ಕೇಳಿ. ‘ಚೆನ್ನಾಗಿಲ್ಲ’ ಅನ್ನಬೇಡಿ. ‘ಆಡಿ 3 (ಅಂದರೆ ಮೂರನೇ ಹಾಲ್), ಸೌಂಡ್ ಕಮ್ಮಿ, ಫೇಡರ್ ಎಷ್ಟಿದೆ ನೋಡಿ’ ಅನ್ನಿ. ಆ ಒಂದು ಶಬ್ದಕ್ಕೆ ಅವರು ಎದ್ದು ನಿಲ್ಲುತ್ತಾರೆ. ವಾಲ್ಯೂಮ್, ಫೋಕಸ್, ಮರೆತ 3ಡಿ ಫಿಲ್ಟರು, ಆರಿಸದ ಲೈಟು, ಇವು ಅಲ್ಲೇ ಆಗುವ ಕೆಲಸ. ಬಲ್ಬು ಮತ್ತು ಸತ್ತ ಸ್ಪೀಕರು ಆ ಹೊತ್ತಿಗೆ ಆಗುವುದಿಲ್ಲ. ಅದಕ್ಕೆ ಬೇರೆ ಶೋ ಕೇಳಿ. ಇಂಟರ್ವಲ್ ಆದಮೇಲೆ ಹೋದರೆ ‘ಅರ್ಧ ನೋಡಿದ್ದೀರಲ್ಲ ಸರ್’ ಅನ್ನುತ್ತಾರೆ, ಅವರದ್ದೂ ತಪ್ಪಿಲ್ಲ.

ಈಗ ನಿಮ್ಮ ಮೂರು ಸಿನಿಮಾಕ್ಕೆ ಬರೋಣ.

‘ಸು ಫ್ರಂ ಸೋ’ (ಸೋಮೇಶ್ವರದ ಸುಲೋಚನಾ ಅಂತ) 2025ರ ಜುಲೈ 25ಕ್ಕೆ ಬಂತು, ಜೆ.ಪಿ. ತೂಮಿನಾಡ್ ನಿರ್ದೇಶನ. ಇದರಲ್ಲಿ ಮಾತು ತಿಳಿಯದಿರುವುದಕ್ಕೆ ಎರಡು ಕಾರಣ, ಎರಡಕ್ಕೂ ಸ್ಪೀಕರನ್ನು ಬೈಯುವ ಹಾಗಿಲ್ಲ. ಒಂದು, ಅದು ಕರಾವಳಿ ಕನ್ನಡ. ನಮ್ಮ ಕಡೆಯವರ ಕಿವಿ ಆ ಧಾಟಿಗೆ ಹೊಂದಿಕೊಳ್ಳಲು ಹದಿನೈದು ನಿಮಿಷ ಬೇಕು, ಆ ಹದಿನೈದು ನಿಮಿಷದಲ್ಲೇ ಊರಿನ ಅಷ್ಟೂ ಜನರ ಪರಿಚಯ ಮುಗಿದಿರುತ್ತದೆ. ತಡವಾಗಿ ಹೋದಿರೋ, ರವಿಯಣ್ಣ ಯಾರು, ಅವನ ಮಾತಿಗೆ ಯಾಕೆ ಅಷ್ಟು ತೂಕ ಅನ್ನುವುದೇ ಕೈತಪ್ಪುತ್ತದೆ. ಇನ್ನೊಂದು, ತುಂಬಿದ ಹಾಲ್‌ನ ನಗು. ಒಂದು ಮಾತಿಗೆ ಎದ್ದ ನಗು ಮುಂದಿನ ಎರಡು ಮಾತನ್ನು ನುಂಗುತ್ತದೆ. ಹಾಗಂತ ಖಾಲಿ ಹಾಲ್‌ನಲ್ಲಿ ನೋಡಿದರೆ ಅದೇ ದೃಶ್ಯ ಸಪ್ಪೆ. ಇಂಥದ್ದನ್ನು ಒಮ್ಮೆ ಜನರ ಜೊತೆ ನೋಡಿ, ಆಮೇಲೆ ಮನೆಯಲ್ಲಿ ಸಬ್‌ಟೈಟಲ್ ಹಾಕಿ ನೋಡಿ. ನುಂಗಿಹೋದ ಮಾತು ಎಷ್ಟಿತ್ತು ಅಂತ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇತ್ತೀಚೆಗೆ ಬಂದ ಹಾಸ್ಯದಲ್ಲಿ ಇದಕ್ಕೆ ಸಮನಾದದ್ದಿಲ್ಲ, ಆದರೆ ಕೊನೆಗೆ ಬರುವ ಗಂಭೀರ ತಿರುವು ಇನ್ನೂ ಸ್ವಲ್ಪ ಮುಂಚೆಯೇ ತಲೆ ಹಾಕಬೇಕಿತ್ತು.

‘ಕಾಂತಾರ ಚಾಪ್ಟರ್ 1’ 2025ರ ಅಕ್ಟೋಬರ್ 2ರದ್ದು. ಕಾಡು, ರಾತ್ರಿ, ಪಂಜಿನ ಬೆಳಕು. ಮಂಕು ಬಲ್ಬಿನ ಹಾಲ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ‘ಕತ್ತಲೆ’ ಅನ್ನುವ ನಿಮ್ಮ ದೂರನ್ನು ಸದ್ಯಕ್ಕೆ ವಾಪಸ್ ತಗೊಳ್ಳಿ, ಲೇಸರ್ ಪ್ರೊಜೆಕ್ಟರ್ ಇರುವ ಪರದೆಯಲ್ಲಿ ನೋಡಿದ ಮೇಲೂ ಹಾಗೇ ಅನಿಸಿದರೆ ಮತ್ತೆ ಹೇಳಿ. ‘ಗದ್ದಲ’ದ ದೂರಿನಲ್ಲಿ ಅರ್ಧ ನಿಮ್ಮ ಜೊತೆ ನಾನೂ ಇದ್ದೇನೆ. ಆ ಗದ್ದಲ ಹಾಲ್‌ನದ್ದಷ್ಟೇ ಅಲ್ಲ, ಸಿನಿಮಾದ್ದೂ ಹೌದು: ಉಸಿರು ಬಿಡಲು ಜಾಗ ಕೊಡದೆ ಒಂದರ ಮೇಲೊಂದು ಹೊಡೆದಾಟ ಪೇರಿಸಿದ್ದಾರೆ, ಮೊದಲರ್ಧದ ತಮಾಷೆ ಅಲ್ಲಿಗೆ ಹೊಂದುವುದಿಲ್ಲ. 2022ರ ಮೊದಲ ‘ಕಾಂತಾರ’ದಲ್ಲಿ ದೈವದ ಕೂಗಿಗೆ ಮುಂಚೆ ಮೌನ ಇತ್ತು, ಅದಕ್ಕೇ ಮೈ ಜುಂ ಅಂದಿದ್ದು. ನೋಡಿ, ಇದು ಸಿನಿಮಾದ ಬಗ್ಗೆ ಅಭಿಪ್ರಾಯ. ‘ಕಿವಿ ನೋವು ಬಂತು’ ಅನ್ನುವುದು ಸೀಟಿನ ಬಗ್ಗೆ ಅಭಿಪ್ರಾಯ.

ಆ 2022ರ ಸಿನಿಮಾದ್ದೇ ಇನ್ನೊಂದು ವಿಷಯ. ನವೆಂಬರ್ 24ಕ್ಕೆ ಅದು ಓಟಿಟಿಗೆ ಬಂದಾಗ ಕೋರ್ಟಿನ ತಡೆಯಿಂದಾಗಿ ‘ವರಾಹ ರೂಪಂ’ ಹಾಡಿನ ರಾಗವೇ ಬದಲಾಗಿತ್ತು, ಹಳೆಯದು ಆಮೇಲೆ ವಾಪಸ್ ಬಂತು. ಆ ದಿನಗಳಲ್ಲಿ ಮನೆಯಲ್ಲಿ ನೋಡಿದವರು ‘ಕ್ಲೈಮ್ಯಾಕ್ಸ್ ಅಂಥಾದ್ದೇನೂ ಇಲ್ಲ’ ಅಂದರೆ ಅವರ ಮೇಲೆ ಜಗಳಕ್ಕೆ ಹೋಗಿ ಏನು ಪ್ರಯೋಜನ? ಅವರು ನೋಡಿದ್ದೇ ಬೇರೆ. ಅದಕ್ಕೇ ಯಾರಾದರೂ ಸಿನಿಮಾ ಚೆನ್ನಾಗಿಲ್ಲ ಅಂದರೆ ನಾನು ಮೊದಲು ಕೇಳುವುದು: ಎಲ್ಲಿ, ಯಾವಾಗ, ಯಾವ ಭಾಷೆಯಲ್ಲಿ ನೋಡಿದಿರಿ?

‘ಶಾಖಾಹಾರಿ’ಯನ್ನು ಮೊಬೈಲಿನಲ್ಲಿ ನೋಡಿ ಎಳೆದ ಹಾಗಾಯ್ತು ಅಂದಿರಿ. ರಂಗಾಯಣ ರಘು ಅದರಲ್ಲಿ ಮಲೆನಾಡಿನ ಪುಟ್ಟ ಸಸ್ಯಾಹಾರಿ ಹೋಟೆಲಿನ ಸುಬ್ಬಣ್ಣ. ಅರ್ಧ ಅಭಿನಯ ಕಣ್ಣಲ್ಲಿ, ಇನ್ನರ್ಧ ಅಡುಗೆಮನೆಯೊಳಗಿನ ಸುಮ್ಮನಿರುವಿಕೆಯಲ್ಲಿ. ಆರು ಇಂಚಿನ ಪರದೆಯಲ್ಲಿ ಆ ಮುಖ ಕಡಲೆಕಾಳಿನಷ್ಟು. ಅದು ಕಾಣದಿದ್ದರೆ ಉಳಿಯುವುದು ಕತೆ ಮಾತ್ರ, ಕತೆ ಮಾತ್ರ ನೋಡಿದರೆ ಯಾವ ಸಿನಿಮಾವೂ ಎಳೆದ ಹಾಗೇ. ನಡುವೆ ಎಷ್ಟು ಸಲ ನೋಟಿಫಿಕೇಶನ್ ಬಂತು ಅಂತ ನೀವೇ ನೆನಪು ಮಾಡಿಕೊಳ್ಳಿ. 1.25 ಸ್ಪೀಡಿನಲ್ಲಿ ಓಡಿಸಿದ್ದರೆ ಆ ಅಭಿಪ್ರಾಯವನ್ನು ಯಾರಿಗೂ ಹೇಳಬೇಡಿ.

ಮನೆಯ ಟಿವಿಯಲ್ಲಿ ನೋಡುವುದಾದರೆ ರಿಮೋಟ್ ಹಿಡಿದು ಒಂದು ಸಲ ಈ ಕೆಲಸ ಮುಗಿಸಿ. ಪಿಕ್ಚರ್ ಮೋಡ್ ವಿವಿಡ್ ಇದ್ದರೆ ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮಾಡಿ. ಮೊದಲ ದಿನ ಹಳದಿ ಅನಿಸುತ್ತದೆ, ಮೂರನೇ ದಿನಕ್ಕೆ ಹಳೆಯದು ನೀಲಿಯಾಗಿ ಕಾಣಿಸುತ್ತದೆ. ಚಲನೆ ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಅಂತ ಹೆಸರು. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಟಿವಿ ನಡುವೆ ತಾನೇ ಹೊಸ ಫ್ರೇಮ್ ಹುಟ್ಟಿಸಿ ತುಂಬುತ್ತದೆ. ಅದಕ್ಕೇ ಕೋಟಿ ಸುರಿದ ದೃಶ್ಯವೂ ಧಾರಾವಾಹಿಯ ಹಾಗೆ ಕಾಣುವುದು. ಟಿವಿಗೆ ಇರುವುದು ಎರಡೇ ಸ್ಪೀಕರಾದರೆ, ಆ್ಯಪಿನ ಆಡಿಯೋ ಪಟ್ಟಿಯಲ್ಲಿ ‘ಕನ್ನಡ’ ಮತ್ತು ‘ಕನ್ನಡ 5.1’ ಎರಡೂ ಇದ್ದಾಗ ಬರೀ ‘ಕನ್ನಡ’ ಆರಿಸಿ. 5.1 ಅನ್ನು (ಐದು ಸ್ಪೀಕರು, ಒಂದು ಸಬ್ ವೂಫರಿಗೆ ಮಾಡಿದ ಸದ್ದು) ಎರಡು ಸ್ಪೀಕರಿಗೆ ಇಳಿಸುವ ಕೆಲಸ ಕೆಲವು ಟಿವಿಗಳಿಗೆ ಸರಿಯಾಗಿ ಬರುವುದಿಲ್ಲ, ಮೊದಲು ಸೊರಗುವುದು ಸೆಂಟರಿನ ಮಾತು. ಐದುನೂರು ರೂಪಾಯಿಯ ವೈರಿನ ಇಯರ್‌ಫೋನ್ ಕೂಡ ಟಿವಿಯ ಬೆನ್ನಿಗೆ ತಿರುಗಿದ ಸ್ಪೀಕರಿಗಿಂತ ಎಷ್ಟೋ ಮೇಲು.

ವರ್ಲ್ಡ್ ಸಿನಿಮಾ ನೋಡಬೇಕಾ ಅಂದಿರಲ್ಲ, ಖುಷಿಗೆ ನೋಡಿ, ಕರ್ತವ್ಯಕ್ಕೆ ಬೇಡ. ಕೆಟ್ಟ ಸೀಟಿನಲ್ಲಿ ಕೂತರೆ ಜಪಾನಿನ ಮಾಸ್ಟರ್ ಕೂಡ ಗೊಣಗುತ್ತಾನೆ. ಅದರ ಬದಲು ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಕ್ಯೂಗೆ ಓಡುವ ಮುಂಚೆ ಹಿಂದಿನ ಮೆಟ್ಟಿಲ ಹತ್ತಿರ ನಿಂತು ಜಾಹೀರಾತನ್ನೇ ಎರಡು ನಿಮಿಷ ನೋಡಿ, ಆಮೇಲೆ ಟಿಕೆಟಿನ ಹಿಂದೆ (ಈಗ ಕಾಗದದ ಟಿಕೆಟ್ ಎಲ್ಲಿ, ಮೊಬೈಲಿನಲ್ಲೇ ಸರಿ) ಮೂರು ಸಾಲು ಬರೆದುಕೊಳ್ಳಿ: ಹಾಲ್ ಹೇಗಿತ್ತು, ನಾನು ಹೇಗಿದ್ದೆ, ಸಿನಿಮಾ ಹೇಗಿತ್ತು. ‘ನಾನು ಹೇಗಿದ್ದೆ’ ಬಿಡಬೇಡಿ. ಹಸಿದುಕೊಂಡು, ಆಫೀಸಿನಿಂದ ನೇರ ಹೋಗಿ ರಾತ್ರಿ ಹತ್ತರ ಶೋ ನೋಡಿದವನಿಗೆ ಎರಡೂವರೆ ಗಂಟೆಯ ಸಿನಿಮಾ ಎಲ್ಲವೂ ಇಪ್ಪತ್ತು ನಿಮಿಷ ಹೆಚ್ಚೇ.

‘ಶಾಖಾಹಾರಿ’ಯಿಂದಲೇ ಮತ್ತೆ ಶುರು ಮಾಡಿ, ಅದಕ್ಕೆ ಟಿಕೆಟ್ ಬೇಡ. ರಾತ್ರಿ ಊಟ ಆದಮೇಲೆ, ಟಿವಿಯಲ್ಲಿ, ಲೈಟ್ ಆರಿಸಿ, ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಅರ್ಧ ಗಂಟೆ ನೋಡಿದ ಮೇಲೂ ಸುಬ್ಬಣ್ಣನ ಕಣ್ಣು ನಿಮ್ಮನ್ನು ಹಿಡಿಯದಿದ್ದರೆ ಆಫ್ ಮಾಡಿ ಮಲಗಿ. ಆಗ ‘ನನಗೆ ಹಿಡಿಸಲಿಲ್ಲ’ ಅಂತ ಯಾರ ಮುಂದೆ ಬೇಕಾದರೂ ಹೇಳಿ, ನಾನೂ ಎದುರು ಮಾತಾಡುವುದಿಲ್ಲ.